ಚಿತ್ತಾ ಮಳೇಲಿ ನಾಯಿ ಜೊತೆ ಎರಡು ರಾತ್ರಿ ವ್ಯಾನ್ ಟ್ರಿಪ್: ಹಾಸನದಿಂದ ಹೊರಟು ಬೇಲೂರಿನ ಮೇಲೆ ವಾಪಸ್

ಹೇಮಾವತಿ_ದಡ:

ಅಕ್ಟೋಬರ್ ಮೂರನೇ ವಾರ ಹಾಸನದಿಂದ ಎರಡು ರಾತ್ರಿಗೆ ಹೊರಡಬೇಕು ಅಂತಿದ್ದೀವಿ. ಗಾಡಿ ಮಾರುತಿ ಈಕೋ ವ್ಯಾನ್, ಹಿಂದೆ ಪ್ಲೈವುಡ್ ಮಂಚ ಹಾಕಿದೆ. 12 ವೋಲ್ಟ್ 100 ಎಎಚ್ (ಆಂಪ್-ಅವರ್) ಲಿಥಿಯಂ ಬ್ಯಾಟರಿ, ಟಾಪ್ ಮೇಲೆ 150 ವ್ಯಾಟ್ ಸೋಲಾರ್ ಪ್ಯಾನೆಲ್. ಇಬ್ಬರು ಜನ, ಒಂದು ಲ್ಯಾಬ್ರಡಾರ್: 4 ವರ್ಷ, 30 ಕೆಜಿ, ಗುಡುಗಿದರೆ ನಡುಗುತ್ತೆ, ತಿರುವು ಜಾಸ್ತಿ ಆದರೆ ವಾಂತಿ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು ಮಳೆ ನಡೀತಿದೆ. ನೆಂದ ನಾಯಿ ಜೊತೆ ಇಷ್ಟು ಜಾಗದಲ್ಲಿ ಮಲಗೋದು ಹೇಗೆ? ಇಂಬಳ, ಉಣ್ಣೆಗೆ ಏನು ಮಾಡಬೇಕು? ರಾತ್ರಿ ಎಲ್ಲಿ ನಿಲ್ಲಿಸಬಹುದು? ಚಾರ್ಮಾಡಿ, ಮುಳ್ಳಯ್ಯನಗಿರಿ, ಬೇಲೂರು ಮೂರೂ ಆಗುತ್ತಾ?

ಈಕೋ_ಮಂಚ:

ಮೊದಲು ತೇವದ ವಿಷಯ, ಯಾಕಂದ್ರೆ ಟ್ರಿಪ್ ಕೆಡೋದು ಅಲ್ಲೇ. ಇಬ್ಬರ ಉಸಿರು, ನಾಯಿಯ ಉಸಿರು ಸೇರಿ ಬೆಳಗಾಗುವಷ್ಟರಲ್ಲಿ ಅರ್ಧ ಲೀಟರಿಗೂ ಮೇಲೆ ನೀರು ಗಾಳಿಗೆ ಸೇರುತ್ತೆ. ಅದರ ಮೇಲೆ ನೆಂದ ಮೈ. ಮಳೆ ಅಂತ ಎಲ್ಲಾ ಗಾಜು ಏರಿಸಿಬಿಟ್ಟರೆ ಆ ನೀರು ತಣ್ಣಗಿರೋ ತಗಡು, ಗಾಜಿನ ಮೇಲೆ ಕೂತು ನಿಮ್ಮ ಹಾಸಿಗೆಗೇ ಇಳಿಯುತ್ತೆ. ಬಾಗಿಲಿಗೆ ವೈಸರ್ (ಕಿಟಕಿ ಮೇಲಿನ ಮಳೆ ತಡೆಯೋ ಪಟ್ಟಿ) ಹಾಕಿಸಿ. ಗಾಳಿ ಬೀಸದ ಕಡೆಯ ಮುಂದಿನ ಗಾಜು ಎರಡು ಬೆರಳು ಇಳಿಸಿ, ಅದರ ಓರೆಗೆ ಹಿಂದಿನ ಒಂದು ಕಿಟಕಿ ಅಷ್ಟೇ ತೆರೆದಿರಲಿ. ಒಂದು ಕಡೆ ಕಂಪ್ಯೂಟರಿನ 120 ಎಂಎಂ ಫ್ಯಾನು ಒಳಗಿನ ಗಾಳಿಯನ್ನ ಹೊರಗೆ ತಳ್ಳೋ ಹಾಗೆ ಕೂರಿಸಿ. ಅದು ಅರ್ಧ ಆಂಪ್ ಎಳೆದರೂ ಹತ್ತು ಗಂಟೆಗೆ 5 ಎಎಚ್, ನಿಮ್ಮ ಬ್ಯಾಟರಿಗೆ ಲೆಕ್ಕಕ್ಕೇ ಇಲ್ಲ. ಮೋಡ ಕವಿದರೆ ಪ್ಯಾನೆಲ್‌ನಿಂದ 15–30 ವ್ಯಾಟ್ ಬಂದರೆ ಹೆಚ್ಚು, ಅದಕ್ಕೇ ಮನೆಯಲ್ಲೇ ಫುಲ್ ಚಾರ್ಜ್ ಮಾಡಿಕೊಂಡು ಹೊರಡಿ.

ಹೇರ್ ಡ್ರೈಯರ್ ಆಸೆ ಬಿಡಿ. 1200 ವ್ಯಾಟಿಂದಕ್ಕೆ ಇನ್ವರ್ಟರ್ ನಷ್ಟ ಸೇರಿ ಬ್ಯಾಟರಿಯಿಂದ 100 ಆಂಪ್‌ಗೂ ಮೇಲೆ ಹೋಗುತ್ತೆ, ಬ್ಯಾಟರಿ ಕಾಯೋ ಸರ್ಕ್ಯೂಟ್ (ಬಿಎಂಎಸ್) ಕಟ್ ಆಗುತ್ತೆ. ಆಗದಿದ್ದರೂ ಕಾಲು ಗಂಟೆಗೆ ಕಾಲು ಭಾಗ ಬ್ಯಾಟರಿ ಖಾಲಿ.

ಒರೆಸೋಕೆ ಹಿಂದಿನ ಡಿಕ್ಕಿ ಬಾಗಿಲೇ ನಿಮ್ಮ ಚಾವಣಿ. ಅದನ್ನ ಎತ್ತಿ, ಕೆಳಗೆ ರಬ್ಬರ್ ಮ್ಯಾಟ್ ಹಾಸಿ, ನಾಯಿ ಮೈ ಕೊಡವಿಕೊಳ್ಳೋಕೆ ಬಿಡಿ. ಒಂದಲ್ಲ, ಎರಡು ಸಲ. ಅರ್ಧ ನೀರು ಅದರಲ್ಲೇ ಹೋಗುತ್ತೆ. ಆಮೇಲೆ ಮೈಕ್ರೋಫೈಬರ್ ಬಟ್ಟೇಲಿ ತಿಕ್ಕಬೇಡಿ, ಒತ್ತಿ ಹಿಂಡಿ: ಕುತ್ತಿಗೆ, ಎದೆ, ಹೊಟ್ಟೆ, ಕೊನೆಗೆ ಪಾದ. ಲ್ಯಾಬ್‌ಗೆ ಎರಡು ಪದರ ಕೂದಲು. ಮೇಲೆ ಮುಟ್ಟಿದರೆ ಒಣಗಿದ ಹಾಗೇ ಇರುತ್ತೆ, ಎದೆ ಹತ್ತಿರ ಕೂದಲನ್ನ ಎದುರುಮುಖಕ್ಕೆ ಸರಿಸಿ ಬುಡ ನೋಡಿದರೆ ಇನ್ನೂ ಜಿಬಿಜಿಬಿ. ಬುಡ ಒಣಗೋವರೆಗೆ ಮಂಚಕ್ಕೆ ಹತ್ತಿಸಬೇಡಿ. ಬೆರಳ ಸಂದಿ, ಕಿವಿಯ ಒಳಮಡಿಕೆ ಹಾಗೇ ಬಿಟ್ಟರೆ ಮೂರನೇ ದಿನಕ್ಕೆ ವಾಸನೆ, ಕೆರೆತ ಶುರು. ದಿನಕ್ಕೆ ಮೂರು ಬಟ್ಟೆ ಲೆಕ್ಕ ಇಟ್ಟುಕೊಳ್ಳಿ. ನೆಂದ ಬಟ್ಟೆ ಒಳಗೆ ಒಣಹಾಕಬೇಡಿ, ಮುಚ್ಚಳ ಇರೋ ಬಕೆಟ್‌ಗೆ ತುಂಬಿ.

ಪ್ಲೈವುಡ್‌ಗೆ ಅರ್ಧ ಅಡಿಗೊಂದರಂತೆ 25 ಎಂಎಂ ತೂತು ಕೊರೆಸಿ, ಇಲ್ಲದಿದ್ದರೆ ಹಾಸಿಗೆ ಅಡಿ ಬೂಷ್ಟು ಗ್ಯಾರಂಟಿ. ಓಡಿಸುವಾಗ ಮುಂದಿನ ಗಾಜು ಮಂಜಾದರೆ ಏಸಿ ಹಾಕಿ, ಬಿಸಿ ಕಡೆ ತಿರುಗಿಸಿ, ಹೊರಗಿನ ಗಾಳಿ ಒಳಗೆ ಬರೋ ಹಾಗೆ ಇಡಿ. ಒಳಗಿನ ಗಾಳಿಯನ್ನೇ ಸುತ್ತಿಸಿದರೆ ನಾಯಿ ಮೈಯ ತೇವವೇ ಸುತ್ತುತ್ತೆ.

ಬಾಲದ_ಡಾಕ್ಟರು:

ಉಣ್ಣೆಗೆ ಮಾತ್ರೆ ಹೊರಡೋ ಹಿಂದಿನ ದಿನ ಬೇಡ, ಒಂದು ವಾರ ಮೊದಲು ಕೊಡಿಸಿ. ಹೊಟ್ಟೆ ಕೆಟ್ಟರೆ ಮನೆಯಲ್ಲೇ ಗೊತ್ತಾಗುತ್ತೆ. ಫ್ಲುರಲಾನರ್ ಅನ್ನೋ ಮಾತ್ರೆ ಸುಮಾರು 12 ವಾರ, ಅಫಾಕ್ಸೊಲಾನರ್ ಅನ್ನೋದು ಒಂದು ತಿಂಗಳು ಕೆಲಸ ಮಾಡುತ್ತೆ. ನಾಯಿಗೆ ಫಿಟ್ಸ್ ಬಂದ ಇತಿಹಾಸ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಮಾತ್ರೆ ಉಣ್ಣೆಯನ್ನ ಕೊಲ್ಲೋದು ಅದು ಕಚ್ಚಿದ ಮೇಲೆ. ಮೈ ಮೇಲೆ ಓಡಾಡ್ತಾ ನಿಮ್ಮ ಹಾಸಿಗೆಗೆ ಬರೋದನ್ನ ತಡೆಯಲ್ಲ. ಅದಕ್ಕೇ ಗಾಡಿ ಹತ್ತೋ ಮೊದಲು ಕಿವಿ ಹಿಂದೆ, ಬೆಲ್ಟಿನ ಅಡಿ, ಕಂಕುಳು, ಬೆರಳ ಸಂದಿ ನೋಡಲೇಬೇಕು. ಮಂಗನ ಕಾಯಿಲೆ ಹರಡೋದೂ ಉಣ್ಣೆಯಿಂದಲೇ. ಅದರ ಕಾಲ ಮುಖ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ, ಆದರೂ ಅಭ್ಯಾಸ ಈಗಲೇ ಇರಲಿ.

ಇಂಬಳ ಕಚ್ಚಿದರೆ ಎಳೆಯಬೇಡಿ, ಬೆಂಕಿ ತಾಗಿಸಬೇಡಿ. ಸಣ್ಣಗಿರೋ ತುದಿ ಬಾಯಿ. ಅದರ ಪಕ್ಕ ಉಗುರು ಇಟ್ಟು ಚರ್ಮದ ಮೇಲೇ ಜಾರಿಸಿ, ಆಮೇಲೆ ದಪ್ಪ ತುದಿ ಬಿಡಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಮಾಡಿರುತ್ತೆ, ಹಾಗಾಗಿ ಸ್ವಲ್ಪ ಹೊತ್ತು ಸೋರುತ್ತೆ; ಹತ್ತಿ ಒತ್ತಿ ಹಿಡಿದರೆ ಸಾಕು. ನಿಜವಾದ ತೊಂದರೆ ಮೂಗಿನೊಳಗೆ ಹೋದಾಗ. ಹಳ್ಳದ ನೀರು ಕುಡಿದ ಕೆಲವು ದಿನಕ್ಕೆ ಸೀನು, ಒಂದೇ ಹೊಳ್ಳೆಯಲ್ಲಿ ರಕ್ತ ಕಂಡರೆ ಅದೇ ಅಂದುಕೊಂಡು ಡಾಕ್ಟರ ಹತ್ತಿರ ಹೋಗಿ. ಮೂಗಿಗೆ ಉಪ್ಪು, ಸುಣ್ಣ ಹಾಕಲೇಬೇಡಿ. ಹಳ್ಳ, ಗುಂಡಿ ನೀರಿಗೆ ಇಲಿಜ್ವರದ ಭಯವೂ ಇದೆ, ಲಸಿಕೆ ವರ್ಷ ದಾಟಿದೆಯಾ ನೋಡಿ. ಕುಡಿಯೋ ನೀರು ಮನೆಯಿಂದಲೇ ಒಯ್ಯಿರಿ: 30 ಕೆಜಿಗೆ ದಿನಕ್ಕೆ ಎರಡು ಲೀಟರ್, ಮೂರು ದಿನಕ್ಕೆ ಆರು.

ವಾಂತಿಗೆ: ಹೊರಡೋ ನಾಲ್ಕು ಗಂಟೆ ಮೊದಲೇ ಊಟ ಮುಗಿದಿರಲಿ. ಮರೋಪಿಟಂಟ್ ಮಾತ್ರೆ ಡಾಕ್ಟರು ಬರೆದುಕೊಟ್ಟರೆ ಎರಡು ಗಂಟೆ ಮೊದಲು, ಒಂದು ತುತ್ತು ತಿಂಡಿ ಜೊತೆ. ನಾಯಿಯ ಎದೆಪಟ್ಟಿಗೆ (ಹಾರ್ನೆಸ್) ಸೀಟ್ ಬೆಲ್ಟ್ ಸಿಕ್ಕಿಸಿ, ಕುತ್ತಿಗೆ ಬೆಲ್ಟಿಗಲ್ಲ. ಗುಡುಗಿನ ಭಯಕ್ಕೂ ಔಷಧಿ ಇದೆ, ಡಾಕ್ಟರನ್ನ ಕೇಳಿ ಮನೆಯಲ್ಲಿ ಒಂದು ಸಲ ಕೊಟ್ಟು ನೋಡಿ. ಮನುಷ್ಯರ ನಿದ್ದೆ ಮಾತ್ರೆ, ಪ್ಯಾರಾಸಿಟಮಾಲ್ ಕೊಡಬಾರದು. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ದಾರಿಯಲ್ಲಿ ತುರ್ತು ಬಂದರೆ ಪಶು ಸಹಾಯವಾಣಿ 1962.

ಕಾಫಿ_ಕಣ:

ಮೂರೂ ಆಗಲ್ಲ. ಚಾರ್ಮಾಡಿ ಕೈಬಿಡಿ: ಮಂಜು, ತಿರುವು, ವಾಂತಿ ಮಾಡೋ ನಾಯಿ. ಮುಳ್ಳಯ್ಯನಗಿರಿಗೆ ಆನ್‌ಲೈನ್ ಬುಕಿಂಗ್ ಬೇಕು, ಗುಡುಗೋ ದಿನ ಆ ಬೋಳು ಗುಡ್ಡದ ಮೇಲೆ ಯಾರೂ ಇರಬಾರದು. ಬೆಳಿಗ್ಗೆ ಆಕಾಶ ತಿಳಿಯಾಗಿದ್ದರೆ ಮಾತ್ರ ಹೋಗಿ, 11ಕ್ಕೆ ಇಳಿದುಬಿಡಿ. ಮೊದಲ ದಿನ ಹಾಸನದಿಂದ ಸಕಲೇಶಪುರ 40 ಕಿಮೀ, ಮೂಡಿಗೆರೆ ಕಡೆ ಒಂದು ಎಸ್ಟೇಟ್ ಹೋಂಸ್ಟೇ. ಎರಡನೇ ದಿನ ಚಿಕ್ಕಮಗಳೂರು. ಮೂರನೇ ದಿನ ಬೇಲೂರು 25, ಅಲ್ಲಿಂದ ಹಾಸನ 40. ಬೇಲೂರು ದೇವಸ್ಥಾನದೊಳಗೆ ನಾಯಿ ಬಿಡಲ್ಲ, ಒಬ್ಬೊಬ್ಬರಾಗಿ ನೋಡಿಬನ್ನಿ. ನಾಯಿಯನ್ನ ಗಾಡೀಲಿ ಬಿಟ್ಟು ಇಬ್ಬರೂ ಹೋಗಬೇಡಿ. ಹೊರಗೆ 24 ಡಿಗ್ರಿ ಇದ್ದರೂ ಬಿಸಿಲಿಗೆ ಮುಚ್ಚಿದ ಗಾಡಿ ಹತ್ತು ನಿಮಿಷಕ್ಕೆ 34, ಅರ್ಧ ಗಂಟೆಗೆ 43 ಆಗುತ್ತೆ. ಮಳೆ ನಡುವಿನ ಬಿಸಿಲು ಇನ್ನೂ ಚುರುಕು.

ಕುರುಡು ಚಿತ್ತೆ ಅಂತ ಸುಮ್ಮನೆ ಹೇಳಲ್ಲ, ಒಂದೂರಲ್ಲಿ ಸುರಿದು ಪಕ್ಕದೂರಲ್ಲಿ ಒಣ. ಹಿಂದಿನ ದಿನದ ಮುನ್ಸೂಚನೆ ನಂಬಿ ಕೂರಬೇಡಿ. ಸಿಡಿಲಿಗೆ ದಾಮಿನಿ ಆ್ಯಪ್ ನೋಡ್ತಿರಿ, ಮಧ್ಯಾಹ್ನ ಎರಡರೊಳಗೆ ಓಡಾಟ ಮುಗಿಸಿ.

ರಸ್ತೆ ಬದಿ, ಕಾಡಂಚು, ಹೊಳೆ ದಡ ಯಾವುದೂ ರಾತ್ರಿಗೆ ಬೇಡ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ನಾಲ್ಕೂ ಕಡೆ ಆನೆ ಓಡಾಡ್ತಿವೆ. ನಾಯಿ ಬೊಗಳುತ್ತೆ, ಆನೆ ಅಟ್ಟಿಸುತ್ತೆ, ನಾಯಿ ಓಡಿ ಬರೋದು ನಿಮ್ಮ ಹತ್ತಿರವೇ. ಚಿರತೆಗಂತೂ ನಾಯಿಯೇ ಊಟ. ಸಂಜೆ ಆರಕ್ಕೆ ಅಂಗಳದಲ್ಲೇ ಗಿಡ್ಡ ಹಗ್ಗದಲ್ಲಿ ಕೊನೇ ಸುತ್ತು, ಆಮೇಲೆ ಬೆಳಕು ಹರಿಯೋವರೆಗೆ ನಾಯಿ ಗಾಡಿಯೊಳಗೆ. ಬಾಳೆಹಣ್ಣು, ಬೆಲ್ಲ, ಉಪ್ಪು ಹೋಂಸ್ಟೇ ಅಡುಗೆಮನೇಲಿ ಇಡಿ, ಗಾಡೀಲಿ ಬೇಡ. ಆ ದಿನ ಆನೆ ಯಾವ ಕಡೆ ಇದೆ ಅಂತ ತೋಟದ ರೈಟರನ್ನ (ಕೆಲಸದ ಮೇಲ್ವಿಚಾರಕ) ಕೇಳಿದರೆ ಗೊತ್ತಾಗುತ್ತೆ. ತೋಟದೊಳಗೆ ನಾಯಿ ಬಿಚ್ಚಿ ಬಿಡಬೇಡಿ: ಐಬೆಕ್ಸ್ ಬೇಲಿ (ಕರೆಂಟ್ ಹರಿಯೋ ತಂತಿ ಬೇಲಿ), ಹಂದಿಗೆ ಇಟ್ಟ ಉರುಳು ಎರಡೂ ಇರುತ್ತೆ.

ನಿಲ್ಲಿಸೋಕೆ ಒಳ್ಳೇ ಜಾಗ ಹೋಂಸ್ಟೇ ತೋಟದ ಕಾಫಿ ಒಣಗಿಸೋ ಕಣ. ಸಿಮೆಂಟು, ಮಟ್ಟಸ, ನೀರು ಹರಿದುಹೋಗುತ್ತೆ. ಕೊಯ್ಲು ಇನ್ನೂ ಶುರುವಾಗದ ಕಾರಣ ಅಕ್ಟೋಬರಲ್ಲಿ ಖಾಲಿ ಇರುತ್ತೆ. ಮೊದಲೇ ಕೇಳಿಕೊಳ್ಳಿ, ನಾಯಿ ಅಲ್ಲಿ ಗಲೀಜು ಮಾಡದ ಹಾಗೆ ನೋಡಿಕೊಳ್ಳಿ, ನಾಳೆ ಕಾಫಿ ಹರಡೋ ಜಾಗ ಅದು. ಸಿಲ್ವರ್ ಓಕ್ ಅಡಿ ಬೇಡ, ಗಾಳಿಗೆ ಮುರಿದು ಬೀಳೋದು ಅದೇ ಮೊದಲು. ಕೆಂಪು ಮಣ್ಣಿಗೆ ಇಳಿಸಿದರೆ ಹಿಂದಿನ ಚಕ್ರ ಹೂತು ಅಲ್ಲೇ ತಿರುಗುತ್ತೆ. ಮೂತಿ ರಸ್ತೆ ಕಡೆಗಿರಲಿ, ಗೇರಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಹೇಮಾವತಿ_ದಡ:

ತುಂಬಾ ಥ್ಯಾಂಕ್ಸ್. ಚಾರ್ಮಾಡಿ ಬಿಟ್ಟೆ. ಜೋರು ಮಳೆ ಬಂದರೆ ಗಾಜು ಸ್ವಲ್ಪ ತೆಗೆದು ಒಳಗೇ ಸಣ್ಣ ಗ್ಯಾಸ್ ಸ್ಟೌ ಹಚ್ಚಬಹುದಾ?

ಈಕೋ_ಮಂಚ:

ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಉರಿಯಿಂದ ಇನ್ನಷ್ಟು ತೇವವೂ ಬರುತ್ತೆ. ಪಕ್ಕದಲ್ಲಿ ಬಾಲ ಆಡಿಸೋ 30 ಕೆಜಿ ಲ್ಯಾಬ್ ಬೇರೆ. ಹೋಂಸ್ಟೇಲಿ ಊಟ ಹೇಳಿ, ಬಿಸಿನೀರು ಫ್ಲಾಸ್ಕಿಗೆ ತುಂಬಿಸಿಕೊಳ್ಳಿ. ಹಚ್ಚಲೇಬೇಕಾದರೆ ಸ್ಟೌ ಹೊರಗೆ ನೆಲದ ಮೇಲೆ, ತಲೆ ಮೇಲೆ ಡಿಕ್ಕಿ ಬಾಗಿಲು, ನಾಯಿಯ ಹಗ್ಗ ಇನ್ನೊಬ್ಬರ ಕೈಯಲ್ಲಿ.