ಸುದ್ದಿಯಿಲ್ಲದ ದಿನವೂ ಇನ್ಫೊಸಿಸ್ ಷೇರು ಬೆಳಿಗ್ಗೆಯೇ ಇಳಿದಿರುವುದೇಕೆ?

ಪ್ರಶ್ನೆ: ಹಾಸನದ ಹೂಡಿಕೆದಾರ

ಮಗಳ ಓದಿನ ಖರ್ಚಿಗೆಂದು ಇನ್ಫೊಸಿಸ್ ಷೇರುಗಳನ್ನು ಇಟ್ಟುಕೊಂಡಿದ್ದೇನೆ. ಹಿಂದಿನ ಸಂಜೆಯವರೆಗೆ ಕಂಪನಿಯಿಂದ ಯಾವ ಪ್ರಕಟಣೆಯೂ ಇರುವುದಿಲ್ಲ. ಆದರೂ ಕೆಲವು ದಿನ ಬೆಳಿಗ್ಗೆ 9.15ಕ್ಕೆ ವಹಿವಾಟು ಶುರುವಾಗುವಾಗಲೇ ದರ ಶೇ 2ರಷ್ಟು ಕೆಳಗಿರುತ್ತದೆ. ಪೇಟೆ ಮುಚ್ಚಿದ್ದಾಗ ದರ ಇಳಿಯುವುದು ಹೇಗೆ? ಇಂಥ ದಿನ ಮಾರುವುದು ಸರಿಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಕಾಫಿ ಬೆಳೆಗಾರ, ಚಿಕ್ಕಮಗಳೂರು

ಮುಚ್ಚಿರುವುದು ಮುಂಬೈ ಪೇಟೆ ಮಾತ್ರ, ಸರ್. 1999ರಲ್ಲಿ ನಾಸ್ಡಾಕ್ ಪ್ರವೇಶಿಸಿದ ಇನ್ಫೊಸಿಸ್, 2012ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬದಲಾಯಿತು. ಒಂದು ಷೇರಿಗೆ ಸಮನಾದ ಅದರ ಎಡಿಆರ್ (ನಮ್ಮ ಷೇರಿನ ಬದಲಿಗೆ ಅಮೆರಿಕದಲ್ಲಿ ಕೊಂಡು ಮಾರುವ ಪತ್ರ) ಅಲ್ಲಿ ನಮ್ಮ ಸಮಯದ ಪ್ರಕಾರ ಬೇಸಿಗೆಯಲ್ಲಿ ಸಂಜೆ 7ರಿಂದ ರಾತ್ರಿ 1.30ರವರೆಗೆ, ಚಳಿಗಾಲದಲ್ಲಿ ಇನ್ನೂ ಒಂದು ಗಂಟೆ ತಡವಾಗಿ ಕೈ ಬದಲಾಗುತ್ತದೆ. ಆ ದರ ನೋಡಿದವರು ಬೆಳಿಗ್ಗೆ 9ಕ್ಕೆ ತೆರೆಯುವ ಪ್ರೀ-ಓಪನ್ ಅವಧಿಯಲ್ಲಿ ಆರ್ಡರ್ ಹಾಕುತ್ತಾರೆ. ಅವೆಲ್ಲ ಎಲ್ಲಿ ಹೊಂದಿಕೆಯಾಗುತ್ತವೆಯೋ ಅದೇ ಆರಂಭದ ದರ. ಅರೇಬಿಕಾಕ್ಕೆ ನ್ಯೂಯಾರ್ಕ್, ರೊಬಸ್ಟಾಕ್ಕೆ ಲಂಡನ್ ಪೇಟೆಯನ್ನು ನೋಡಿಯೇ ನಮ್ಮೂರಿನ ವ್ಯಾಪಾರಿ ದರ ಹೇಳುವಂತೆ ಇದೂ ಕೂಡ. ಕಂಪನಿಯ ಆದಾಯದ ದೊಡ್ಡ ಪಾಲು ಅಮೆರಿಕದ ಗ್ರಾಹಕರಿಂದ ಬರುವುದರಿಂದ, ಅಲ್ಲಿನ ಬಡ್ಡಿದರದ ಮಾತು ಅಥವಾ ಡಾಲರ್ ಮೌಲ್ಯದ ಬದಲಾವಣೆಯೂ ಸಾಕಾಗುತ್ತದೆ.

ಉತ್ತರ: ಸಕಲೇಶಪುರದಿಂದ

ಮೇಲಿನ ವಿವರಣೆಗೆ 2023ರ ಏಪ್ರಿಲ್ ಒಳ್ಳೆಯ ಉದಾಹರಣೆ. 13ರ ಗುರುವಾರ ನಮ್ಮ ಪೇಟೆ ಮುಗಿದ ಮೇಲೆ ಫಲಿತಾಂಶ ಬಂದಿತು. ಮುಂದಿನ ವರ್ಷದ ಆದಾಯ ಶೇ 4ರಿಂದ 7ರಷ್ಟು ಮಾತ್ರ ಬೆಳೆಯಬಹುದೆಂಬ ಗೈಡೆನ್ಸ್ ಹಲವರ ನಿರೀಕ್ಷೆಗಿಂತ ಕಡಿಮೆಯಿತ್ತು. ಅಂದು ರಾತ್ರಿಯೇ ಎಡಿಆರ್ ಕುಸಿಯಿತು. ಶುಕ್ರವಾರ ಅಂಬೇಡ್ಕರ್ ಜಯಂತಿಯ ರಜೆಯಾದ್ದರಿಂದ ಇಲ್ಲಿಯವರು ಸೋಮವಾರದವರೆಗೆ ಕಾಯಬೇಕಾಯಿತು, ಮತ್ತು ಆ ದಿನ ಷೇರು ಶೇ 9ಕ್ಕೂ ಹೆಚ್ಚು ಇಳಿಯಿತು. ಗೈಡೆನ್ಸ್ ಬದಲಾಗಿ ಆದ ಇಂಥ ಇಳಿಕೆಯನ್ನು ಕೂತು ಓದಬೇಕು. ಶೇ 2ರ ಇಳಿಕೆಗೆ ನಾನಾದರೆ ಮಾರುವುದಿಲ್ಲ. ದಿನದ ಏರಿಳಿತದ ಮೇಲೆಯೇ ವ್ಯಾಪಾರ ಮಾಡುವವರ ಸ್ಥಿತಿಯನ್ನೂ ಷೇರುಪೇಟೆಯ ನಿಯಂತ್ರಕ ಸೆಬಿ ಅಧ್ಯಯನ ಮಾಡಿದೆ: 2022–23ರಲ್ಲಿ ಷೇರುಗಳ ಇಂಟ್ರಾಡೇ (ಒಂದೇ ದಿನದೊಳಗೆ ಕೊಂಡು ಮಾರುವ) ವಹಿವಾಟು ನಡೆಸಿದ 10 ಮಂದಿಯಲ್ಲಿ 7 ಮಂದಿ ನಷ್ಟ ಅನುಭವಿಸಿದ್ದಾರೆ.

ಪ್ರಶ್ನಿಸಿದವರು:

ಇಬ್ಬರಿಗೂ ಧನ್ಯವಾದಗಳು. ಡಿವಿಡೆಂಡ್ ಹತ್ತಿರವಾದಾಗಲೂ ದರ ಇಳಿಯುವುದನ್ನು ನೋಡಿದ್ದೇನೆ. ಅದಕ್ಕೂ ಇದೇ ಕಾರಣವೇ?

ಉತ್ತರ: ಕಾಫಿ ಬೆಳೆಗಾರ, ಚಿಕ್ಕಮಗಳೂರು

ಅಲ್ಲ, ಅದು ಬೇರೆ. ಎಕ್ಸ್-ಡಿವಿಡೆಂಡ್ ದಿನದಿಂದ ಕೊಳ್ಳುವವರಿಗೆ ಆ ಡಿವಿಡೆಂಡ್ ಸಿಗುವುದಿಲ್ಲವಾದ್ದರಿಂದ, ದರ ಸುಮಾರಾಗಿ ಅಷ್ಟೇ ಕಡಿಮೆಯಾಗಿ ಆರಂಭವಾಗುತ್ತದೆ. ನಿಮ್ಮಂತೆ ಮೊದಲಿನಿಂದ ಷೇರು ಹೊಂದಿರುವವರಿಗೆ ಆ ಹಣ, ತೆರಿಗೆ ಕಡಿತವಿದ್ದರೆ ಅದನ್ನು ಕಳೆದು, ಬ್ಯಾಂಕ್ ಖಾತೆಗೆ ಬರುತ್ತದೆ. ಒಂದು ಎಚ್ಚರಿಕೆ: 2023ರ ಜನವರಿಯಿಂದ ಎಲ್ಲ ಷೇರುಗಳೂ ಟಿ+1 ವ್ಯವಸ್ಥೆಗೆ (ಕೊಂಡ ಷೇರು ಮುಂದಿನ ವಹಿವಾಟಿನ ದಿನವೇ ಖಾತೆಗೆ ಸೇರುವ ಪದ್ಧತಿ) ಬಂದಿರುವುದರಿಂದ ಎಕ್ಸ್-ದಿನವೂ ರೆಕಾರ್ಡ್ ದಿನವೂ (ಡಿವಿಡೆಂಡ್ ಯಾರಿಗೆಂದು ಕಂಪನಿ ಷೇರುದಾರರ ಪಟ್ಟಿ ನೋಡುವ ದಿನ) ಸಾಮಾನ್ಯವಾಗಿ ಒಂದೇ ಆಗಿರುತ್ತವೆ. ಡಿವಿಡೆಂಡ್ ಬೇಕೆಂದು ಇನ್ನಷ್ಟು ಷೇರು ಕೊಳ್ಳುವುದಾದರೆ ಅದರ ಹಿಂದಿನ ವಹಿವಾಟಿನ ದಿನದೊಳಗೇ ಕೊಳ್ಳಬೇಕು.