ಪಾರಂಪರಿಕ ಪಟ್ಟಿಯಲ್ಲಿರುವ ಮನೆ: ಗೋಡೆಯಲ್ಲಿ ಉಪ್ಪು ಏಳುತ್ತಿದೆ, ಒಳಗೆ ಶೌಚಾಲಯವೂ ಬೇಕಾಗಿದೆ

ಪೇಟೆಮನೆ_ಸೊಸೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನ ಚಾಮರಾಜಪೇಟೆಯ ಅಡ್ಡರಸ್ತೆಯಲ್ಲಿರುವ ಮನೆ, 1920ರ ದಶಕದ್ದು. ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಸೇರಿದೆ. ತೇಗದ ತೊಲೆಗಳ ಮೇಲೆ ಮದ್ರಾಸ್ ತಾರಸಿ, ಇಟ್ಟಿಗೆ ಗೋಡೆಗೆ ಸುಣ್ಣದ ಗಾರೆ, ನಡುಮನೆಯಲ್ಲೂ ಪಕ್ಕದ ಕೋಣೆಯಲ್ಲೂ ರೆಡ್ ಆಕ್ಸೈಡ್ ನೆಲ.

ಮಾವನವರಿಗೆ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆ ಆಗಿದೆ. ಈಗ ವಾಕರ್ ಹಿಡಿದು ನಡೆಯುತ್ತಾರೆ. ಬಚ್ಚಲುಮನೆ, ಶೌಚಾಲಯ ಎರಡೂ ಹಿತ್ತಿಲ ಬದಿಯಲ್ಲಿವೆ. ಅಡುಗೆಮನೆ ದಾಟಿ, ಹಿಂಬಾಗಿಲಿನಿಂದ ಮೆಟ್ಟಿಲಿಳಿದು ಹೋಗಬೇಕು. ರಾತ್ರಿ ಹೊತ್ತು ಅದು ಅವರಿಂದ ಸಾಧ್ಯವಿಲ್ಲ. ಹಾಗಾಗಿ ಅವರ ಕೋಣೆಯೊಳಗೇ ಒಂದು ಶೌಚಾಲಯ ಮಾಡಿಸಬೇಕೆಂದಿದ್ದೇವೆ.

ಇನ್ನೊಂದು ತೊಂದರೆಯೂ ಅದೇ ಕೋಣೆಯದು. ಉತ್ತರದ ಗೋಡೆಗೆ, ಬಾಡಿಗೆದಾರರು ಇದ್ದ ಕಾಲದಲ್ಲಿ, ಸೊಂಟದೆತ್ತರದವರೆಗೆ ಸಿಮೆಂಟ್ ಗಾರೆ ಮಾಡಲಾಗಿತ್ತು. ಈಗ ಆ ಗೆರೆಯ ಮೇಲೆ ಬಣ್ಣ ಉಬ್ಬುತ್ತದೆ, ಬಿಳಿ ಪುಡಿ ಉದುರುತ್ತದೆ. ಪ್ರತಿ ಮಳೆಗಾಲವೂ ಇನ್ನಷ್ಟು ಮೇಲೆ ಹೋಗುತ್ತಿದೆ.

ನೋಡಲು ಬಂದ ಗುತ್ತಿಗೆದಾರರ ಯೋಜನೆ ಹೀಗಿದೆ: ನಡುಮನೆಗೂ ಕೋಣೆಗೂ ನಡುವಿನ ಗೋಡೆ ಒಡೆದು ಜಾಗ ದೊಡ್ಡದು ಮಾಡುವುದು, ಮೂಲೆಯಲ್ಲಿ ಶೌಚಾಲಯ ಕಟ್ಟುವುದು, ನೆಲ ಅಗೆದು ವಿಟ್ರಿಫೈಡ್ ಟೈಲ್ಸ್ ಹಾಕುವುದು, ಉತ್ತರದ ಗೋಡೆಗೆ ಜಲನಿರೋಧಕ ರಾಸಾಯನಿಕ ಬಳಿದು ಮತ್ತೆ ಸಿಮೆಂಟ್ ಹಾಕುವುದು, ತಾರಸಿಯಿಂದ ಸುಣ್ಣ ಉದುರುವುದರಿಂದ ಜಿಪ್ಸಮ್ ಫಾಲ್ಸ್ ಸೀಲಿಂಗ್ ಮಾಡುವುದು. ನಮ್ಮ ಯಜಮಾನರು ಅರ್ಧ ಒಪ್ಪಿದ್ದಾರೆ. ನನಗೆ ಆ ನೆಲ ಅಗೆಯುವುದನ್ನು ನೆನೆದರೇ ಸಂಕಟವಾಗುತ್ತದೆ. ಮಾವನವರ ಅನುಕೂಲಕ್ಕೂ ಕೊರತೆ ಬಾರದಂತೆ, ಮನೆಯೂ ಕೆಡದಂತೆ ದಾರಿ ಇದೆಯೇ?

ಸೈಟ್_ಮೇಲ್ವಿಚಾರಕ:

ಹಿರಿಯರ ಅನುಕೂಲವೇ ಮೊದಲು. ಅದನ್ನು ಮುಂದೂಡಬೇಡಿ. ನಾನು ಕೆಲಸ ಮಾಡುವುದು ಹೊಸ ಕಟ್ಟಡಗಳಲ್ಲಿ. ಅಲ್ಲಿ ಈ ರೀತಿ ತೇವ ಬಂದರೆ ಗಾರೆ ಕೆತ್ತಿ, ಜಲನಿರೋಧಕ ಬೆರೆಸಿದ ಸಿಮೆಂಟ್ ಹಾಕುತ್ತೇವೆ, ನಿಲ್ಲುತ್ತದೆ. ನೆಲದ ಬಗ್ಗೆ ಮಾತ್ರ ಒಂದು ಮಾತು: ಅಗೆಯುವುದು ಬೇಡವೆಂದರೆ ಹಳೆಯದರ ಮೇಲೆಯೇ ಟೈಲ್ಸ್ ಅಂಟಿಸಬಹುದು.

ಸುಣ್ಣ_ಸುರ್ಕಿ:

ಮೇಡಂ, ದಯವಿಟ್ಟು ಆ ಗೋಡೆಗೆ ಇನ್ನೊಂದು ಬಾಣಲೆ ಸಿಮೆಂಟ್ ಬೀಳಲು ಬಿಡಬೇಡಿ. ಕಾರಣ ನೀವು ಬರೆದ ವಿವರದಲ್ಲಿಯೇ ಇದೆ. ಪುಡಿ ಏಳುತ್ತಿರುವುದು ಸಿಮೆಂಟ್ ಮುಗಿಯುವ ಗೆರೆಯ ಮೇಲೆ.

ಆ ಕಾಲದ ಮನೆಗಳ ಅಡಿಪಾಯದಲ್ಲಿ ತೇವ ತಡೆಯುವ ಪದರ ಇರುವುದು ಅಪರೂಪ. ನೆಲದ ನೀರು ಇಟ್ಟಿಗೆಯ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರುತ್ತದೆ. ಸುಣ್ಣದ ಗಾರೆ ಇದ್ದಾಗ ಅದು ಏರಿದಷ್ಟೂ ಗಾಳಿಗೆ ಆರಿಹೋಗುತ್ತಿತ್ತು, ಯಾರ ಗಮನಕ್ಕೂ ಬರುತ್ತಿರಲಿಲ್ಲ. ಸಿಮೆಂಟ್ ಆ ದಾರಿ ಮುಚ್ಚಿತು. ಹೊರಬರಲು ಜಾಗ ಸಿಗುವವರೆಗೆ ನೀರು ಮೇಲೆ ಹತ್ತಿತು, ಸಿಕ್ಕಿದಲ್ಲಿ ಆರಿತು. ಅದರೊಂದಿಗೆ ಬಂದ ಲವಣಗಳು ಅಲ್ಲೇ ಹರಳುಗಟ್ಟಿ ಬಣ್ಣವನ್ನೂ ಗಾರೆಯನ್ನೂ ಹೊರಕ್ಕೆ ತಳ್ಳುತ್ತಿವೆ. ಇನ್ನೆರಡು ಅಡಿ ಸಿಮೆಂಟ್ ಬಳಿದರೆ ಪುಡಿ ಇನ್ನೆರಡು ಅಡಿ ಮೇಲೆ ಕಾಣಿಸುತ್ತದೆ, ಕೊನೆಗೆ ತೊಲೆಯ ತುದಿಗೇ ತಲುಪುತ್ತದೆ. ಹೊಸ ಕಟ್ಟಡದ ಕಾಂಕ್ರೀಟ್ ಚೌಕಟ್ಟಿಗೆ ಹೊಂದುವ ಔಷಧ ಇಲ್ಲಿ ಕೆಲಸ ಮಾಡುವುದಿಲ್ಲ. ಮೇಲ್ವಿಚಾರಕರೇ, ಹಳೆಯ ನೆಲದ ಮೇಲೆ ಟೈಲ್ಸ್ ಬೇಡವೆನ್ನುವುದಕ್ಕೂ ಕಾರಣ ಇದೇ. ನೆಲದ ಮೂಲಕ ಆರುತ್ತಿರುವ ತೇವವೂ ಅಕ್ಕಪಕ್ಕದ ಗೋಡೆಗೆ ತಿರುಗುತ್ತದೆ. ಜೊತೆಗೆ ಹೊಸಿಲಿನ ಮಟ್ಟ ಕೆಟ್ಟು ವಾಕರ್ ಹಿಡಿದವರಿಗೆ ಎಡವುವ ಜಾಗ ಹುಟ್ಟುತ್ತದೆ.

ಈಗ ಎರಡು ಕೆಲಸ ಮಾಡಿ. ಗೋಡೆಯ ಮೇಲೆ ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಒಂದೆರಡು ದಿನ ಬಿಡಿ. ಹನಿ ಹಾಳೆಯ ಹಿಂದೆ ಕಂಡರೆ ನೀರು ಗೋಡೆಯಿಂದ ಬರುತ್ತಿದೆ, ಕೋಣೆಯ ಕಡೆ ಕಂಡರೆ ಅದು ಗಾಳಿಯ ತೇವ. ಆಮೇಲೆ ಅದೇ ಗೋಡೆಯ ಹೊರಬದಿಗೆ ಹೋಗಿ ನೋಡಿ: ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎತ್ತರವಾಗಿದೆಯೇ, ತಾರಸಿಯ ನೀರಿನ ಕೊಳವೆ ಎಲ್ಲಿ ಬೀಳುತ್ತದೆ, ಚರಂಡಿ ಎಲ್ಲಿದೆ.

ತೊಲೆಬಾಗಿಲು:

ನಾನು ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ಕೆಲಸ ಮಾಡುವ ವಾಸ್ತುಶಿಲ್ಪಿ. ತೇವದ ವಿಷಯದಲ್ಲಿ ಮೇಲಿನವರ ಮಾತು ಸರಿ. ನನಗೆ ಹೆಚ್ಚು ಆತಂಕ ತಂದದ್ದು ಗೋಡೆ ಒಡೆಯುವ ಮಾತು.

ತಲೆಯೆತ್ತಿ ನೋಡಿ, ತೊಲೆಗಳು ಯಾವ ದಿಕ್ಕಿಗೆ ಹೋಗಿವೆ? ಅವುಗಳ ತುದಿ ನಡುಮನೆಯ ಗೋಡೆಯಲ್ಲಿ ಕುಳಿತಿದ್ದರೆ ಆ ಗೋಡೆ ತಾರಸಿಯನ್ನು ಹೊತ್ತಿದೆ. ಮದ್ರಾಸ್ ತಾರಸಿಯ ತೂಕ ಸಣ್ಣದಲ್ಲ. ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದಲ್ಲಿ ಕೂರಿಸಿರುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ದಪ್ಪ ಪದರ, ಬೆಲ್ಲ ಮತ್ತು ಅಳಲೆಕಾಯಿ ನೀರು ಚಿಮುಕಿಸುತ್ತಾ ಮರದ ಕೊಡತಿಯಿಂದ ದಿನಗಟ್ಟಲೆ ಬಡಿದದ್ದು. ಎಲ್ಲಕ್ಕೂ ಮೇಲೆ ಚಪ್ಪಟೆ ಹೆಂಚು. ಇಷ್ಟನ್ನೂ ಹೊತ್ತ ಗೋಡೆ ತೆಗೆದು ಉಕ್ಕಿನ ತೊಲೆ ಕೊಡುತ್ತೇವೆ ಎನ್ನುವುದು ಸುಲಭ. ಆದರೆ ಕೆಲಸದ ನಡುವೆ ತಾರಸಿ ಸ್ವಲ್ಪ ಜಗ್ಗಿದರೂ ಸಾಕು, ಆ ಇಟ್ಟಿಗೆಗಳ ಹಿಡಿತ ಸಡಿಲವಾಗುತ್ತದೆ. ತೊಲೆಗಳು ಗೋಡೆಗೆ ಸಮಾನಾಂತರವಾಗಿದ್ದರೂ ಒಡೆಯಬಹುದು ಎಂದು ಅರ್ಥವಲ್ಲ. ಅಡ್ಡಗೋಡೆ ಉದ್ದ ಗೋಡೆಗಳನ್ನು ಹಿಡಿದು ನಿಲ್ಲಿಸಿರುತ್ತದೆ. ಹಳೆಯ ಕಟ್ಟಡದ ಅನುಭವವಿರುವ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಒಂದು ಇಟ್ಟಿಗೆಯನ್ನೂ ತೆಗೆಸಬೇಡಿ.

ಇನ್ನು ಶೌಚಾಲಯ. ಒಣ ಕೋಣೆಯ ಮೂಲೆಗೆ ನೀರು ತರುವ ಬದಲು, ಮಾವನವರನ್ನೇ ನೀರು ಈಗಾಗಲೇ ಇರುವ ಕಡೆಗೆ ತರಲು ಆಗುತ್ತದೆಯೇ? ಬಚ್ಚಲುಮನೆಗೆ ಅಂಟಿಕೊಂಡ ಕೋಣೆ ಯಾವುದು? ಅದರ ಗೋಡೆಯಲ್ಲಿ ಕಿಟಕಿ ಇದೆಯೇ? ಕಿಟಕಿ ಇದ್ದರೆ ಮೇಲಿನ ಅಡ್ಡಕಲ್ಲು ಅಥವಾ ಕಮಾನಿಗೆ ಕೈ ಹಚ್ಚದೆ, ಕೆಳಗಿನ ಗೋಡೆಯಷ್ಟನ್ನೇ ತೆಗೆದು ಬಾಗಿಲು ಮಾಡಬಹುದು. ಮೇಲಿನ ಭಾರ ಇಳಿಯುವ ದಾರಿ ಬದಲಾಗುವುದಿಲ್ಲ. ಪಾರಂಪರಿಕ ಮನೆಯಲ್ಲಿ ನನಗೆ ಸಮಾಧಾನ ಕೊಡುವ ಬದಲಾವಣೆ ಇಂಥದ್ದು. ಮುಂದಿನ ಪೀಳಿಗೆಗೆ ಬೇಡವೆನಿಸಿದರೆ ಇಟ್ಟಿಗೆ ಕಟ್ಟಿ, ಕಿಟಕಿಯನ್ನು ಮತ್ತೆ ಕೂರಿಸಬಹುದು.

ಪೇಟೆಮನೆ_ಸೊಸೆ:

ಇಬ್ಬರಿಗೂ ಕೃತಜ್ಞತೆಗಳು. ಹಾಳೆಯ ಪರೀಕ್ಷೆ ಮಾಡಿದೆವು. ಸಿಮೆಂಟಿನ ಮೇಲ್ಭಾಗದಲ್ಲಿ ಅಂಟಿಸಿದ್ದರ ಹಿಂದೆ ಹನಿ ನಿಂತಿತ್ತು. ಹೊರಗೆ ಹೋಗಿ ನೋಡಿದರೆ ಪಕ್ಕದ ಓಣಿಗೆ ಕಾಂಕ್ರೀಟ್ ಹಾಕುತ್ತಾ ಹಾಕುತ್ತಾ ಅದು ಗೋಡೆಗೆ ಒತ್ತಿ ಬಂದಿದೆ, ನಮ್ಮ ಒಳಗಿನ ನೆಲಕ್ಕಿಂತ ಎತ್ತರದಲ್ಲಿದೆ. ಮನೆಯ ಮುಂಭಾಗದಲ್ಲಿ ಕಾಣುವ ಕಲ್ಲಿನ ಪಟ್ಟಿ ಆ ಬದಿಯಲ್ಲಿ ಪೂರ್ತಿ ಹೂತುಹೋಗಿದೆ. ತಾರಸಿಯ ಕೊಳವೆಯೂ ಅಲ್ಲೇ ಗೋಡೆಯ ಬುಡಕ್ಕೆ ಸುರಿಯುತ್ತದೆ.

ತೊಲೆಗಳ ತುದಿ ನಡುಮನೆಯ ಗೋಡೆಯಲ್ಲೇ ಕುಳಿತಿದೆ. ಅದನ್ನು ಯಜಮಾನರಿಗೆ ತೋರಿಸಿದ ಮೇಲೆ ಗೋಡೆ ಒಡೆಯುವ ಮಾತು ನಿಂತಿತು.

ಬಚ್ಚಲುಮನೆಗೆ ಹೊಂದಿಕೊಂಡಿರುವುದು ನಾವು ಸಾಮಾನು ತುಂಬಿಟ್ಟಿರುವ ಕೋಣೆ. ಕಿಟಕಿ ಇದೆ! ಅಗಲ ಮೂರೂವರೆ ಅಡಿ. ಬಚ್ಚಲುಮನೆಯ ನೆಲ ಮಾತ್ರ ನಾಲ್ಕು ಅಂಗುಲ ತಗ್ಗಿನಲ್ಲಿದೆ.

ತೊಲೆಬಾಗಿಲು:

ಆ ಕೋಣೆಯನ್ನು ಖಾಲಿ ಮಾಡಿಸಿ. ಮೂರೂವರೆ ಅಡಿಯೆಂದರೆ ಮುಂದೆ ಗಾಲಿಕುರ್ಚಿ ಬೇಕಾದರೂ ಹೋಗುತ್ತದೆ. ಚೌಕಟ್ಟು ಕಳೆದು 900 ಮಿಲಿಮೀಟರ್ ತೆರವು ಉಳಿಯುವಂತೆ ನೋಡಿಕೊಳ್ಳಿ. ತಗ್ಗಿಗೆ ಒಂದಕ್ಕೆ ಹನ್ನೆರಡರ ಇಳಿಜಾರು ಕೊಡಿ. ನಾಲ್ಕು ಅಂಗುಲಕ್ಕೆ ನಾಲ್ಕು ಅಡಿ ಉದ್ದ ಬೇಕು. ಅದನ್ನು ಮರದಲ್ಲಿ ಮಾಡಿಸಿ ನೆಲದ ಮೇಲೆ ಇಡಿಸಿ, ಕಾಂಕ್ರೀಟ್ ಸುರಿಸಬೇಡಿ.

ಕಿಟಕಿ ತೆಗೆಯುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆದು ಅಳತೆ ಬರೆದಿಡಿ. ಬಡಗಿಗೆ ಚೌಕಟ್ಟು ಕತ್ತರಿಸಲು ಬಿಡಬೇಡಿ, ಸರಳುಗಳ ಸಮೇತ ಇಡಿಯಾಗಿ ಹೊರಬರಬೇಕು. ಕದ, ಕೀಲು, ಅಗುಳಿ ಎಲ್ಲಕ್ಕೂ ಚೀಟಿ ಕಟ್ಟಿ ಅಟ್ಟದಲ್ಲಿಡಿ. ಹಳೆಯ ಎನಾಮೆಲ್ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಒಣಗಿದ್ದಾಗ ಉಜ್ಜಿ ಪುಡಿ ಎಬ್ಬಿಸುವುದು ಬೇಡ, ಮಕ್ಕಳಿದ್ದರಂತೂ ಬೇಡವೇ ಬೇಡ.

ಸೈಟ್_ಮೇಲ್ವಿಚಾರಕ:

ಓಣಿಯ ಮಟ್ಟದ ವಿಷಯ ಓದಿದ ಮೇಲೆ ನನ್ನ ಸಲಹೆ ಇಲ್ಲಿಗೆ ಹೊಂದುವುದಿಲ್ಲ ಎಂದು ಒಪ್ಪುತ್ತೇನೆ. ಆದರೆ ತಾರಸಿಯಿಂದ ಸುಣ್ಣ ಉದುರುವುದು ನಿಜವಾದ ತೊಂದರೆ. ಮಲಗಿದವರ ಮೇಲೆ ಬೀಳುತ್ತದೆ. ಫಾಲ್ಸ್ ಸೀಲಿಂಗ್ ಬೇಡವೆಂದರೆ ಬೇರೇನು? ವೈರಿಂಗ್‌ಗೆ ಗೋಡೆ ಕೊರೆಯಲೂಬಾರದೇ?

ಸುಣ್ಣ_ಸುರ್ಕಿ:

ಒಳ್ಳೆಯ ಪ್ರಶ್ನೆ. ಜಿಪ್ಸಮ್ ಹಲಗೆ ಹಾಕಿದರೆ ಉದುರುವುದು ನಿಲ್ಲುವುದಿಲ್ಲ, ಕಾಣುವುದು ನಿಲ್ಲುತ್ತದೆ. ಸೋರಿಕೆ, ಗೆದ್ದಲು ಎರಡೂ ಅದರ ಹಿಂದೆ ಬೆಳೆದು ಕೈಮೀರಿದ ಮೇಲೆ ಗೊತ್ತಾಗುತ್ತವೆ. ಮೊದಲು ತಾರಸಿ ಹತ್ತಿ ಹೆಂಚುಗಳ ಸಂದು, ನೀರು ಹೋಗುವ ಬಾಯಿ, ಕೈಪಿಡಿ ಗೋಡೆಯ ಬುಡ ನೋಡಬೇಕು. ಬಿರುಕುಗಳನ್ನು ಸುಣ್ಣ ಮತ್ತು ಸುರ್ಕಿಯಲ್ಲಿ (ಇಟ್ಟಿಗೆ ಪುಡಿ) ತುಂಬಿಸಬೇಕು. ಆಮೇಲೆ ಒಳಗೆ ಪ್ರತಿ ತೊಲೆಯ ತುದಿಯನ್ನೂ ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಮರ ಕೊಳೆಯುವುದು ಗೋಡೆಯೊಳಗೆ ಸೇರಿದ ಕಡೆಯೇ. ಗಟ್ಟಿಯಿದ್ದರೆ ಗೆದ್ದಲು, ಕೊಳೆತ ತಡೆಯುವ ಬೋರೇಟ್ ದ್ರಾವಣ ಬಳಿಸಿ. ಇಟ್ಟಿಗೆಗಳ ನಡುವೆ ಸಡಿಲವಾದ ಗಾರೆಯನ್ನು ಕೈಯಿಂದ ತೆಗೆದು ಹೊಸ ಸುಣ್ಣದ ಗಾರೆ ತುಂಬಿಸಿ, ಎರಡು ಕೈ ಸುಣ್ಣ ಹೊಡೆಸಿ. ಉದುರುವುದು ನಿಲ್ಲುತ್ತದೆ.

ವೈರಿಂಗ್ ಗೋಡೆಯ ಮೇಲೆಯೇ ಕೊಳವೆಯಲ್ಲಿ ಹೋಗಲಿ. ಹಿಂದೆ ಮರದ ಪಟ್ಟಿಯ ಮೇಲೆ ಹೋಗುತ್ತಿದ್ದದ್ದೂ ಹಾಗೆಯೇ. ಸುಣ್ಣದ ಗಾರೆಯ ಗೋಡೆಯಲ್ಲಿ ಯಂತ್ರದಿಂದ ಅಡ್ಡಕ್ಕೆ ಉದ್ದ ಸೀಳು ಕೊರೆದರೆ ಇಟ್ಟಿಗೆಯ ಸಾಲೇ ಕತ್ತರಿಸಿಹೋಗುತ್ತದೆ. ಹಳೆಯ ರಬ್ಬರ್ ಹೊದಿಕೆಯ ತಂತಿ ಇದ್ದರೆ ಉಳಿಸಿಕೊಳ್ಳಬೇಡಿ, ಮುಟ್ಟಿದರೆ ಪುಡಿಯಾಗುತ್ತದೆ. ಅರ್ಥಿಂಗ್ ಮತ್ತು ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ ಸ್ವಿಚ್) ಖಂಡಿತ ಬೇಕು.

ಉತ್ತರದ ಗೋಡೆಗೆ ಬರುತ್ತೇನೆ. ಕೆಲಸ ಹೊರಗಿನಿಂದ ಶುರುವಾಗಬೇಕು. ಗೋಡೆಗೆ ಅಂಟಿದ ಕಾಂಕ್ರೀಟನ್ನು ಒಂದೂವರೆ ಅಡಿಯಷ್ಟು ಅಗಲ ತೆಗೆಸಿ, ಕಲ್ಲಿನ ಪಟ್ಟಿ ಮತ್ತೆ ಕಾಣುವವರೆಗೆ ಮಟ್ಟ ಇಳಿಸಿ, ನೀರು ಗೋಡೆಯಿಂದ ಆಚೆಗೆ ಹರಿಯುವಂತೆ ಮಾಡಿ. ಆದರೆ ಅಡಿಪಾಯದ ಬುಡದವರೆಗೆ ಅಗೆಯಬಾರದು. ಕೊಳವೆಯನ್ನು ಚರಂಡಿಗೆ ಮುಟ್ಟಿಸಿ. ಒಳಗೆ ಸಿಮೆಂಟನ್ನು ಉಳಿ ಸುತ್ತಿಗೆಯಿಂದ, ಅಂಚಿನಿಂದ ಬಿಡಿಸುತ್ತಾ ತೆಗೆಸಿ. ಯಂತ್ರ ತಂದರೆ ಇಟ್ಟಿಗೆಯ ಮುಖವೂ ಕಿತ್ತು ಬರುತ್ತದೆ. ಎದ್ದ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ, ಬಟ್ಟೆ ಹಾಸಿ ಹಿಡಿದು ಹೊರಗೆ ಎಸೆಯಿರಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ.

ಆಮೇಲೆ ಕಾಯಬೇಕು. ಅಂಗುಲ ದಪ್ಪಕ್ಕೆ ಒಂದು ತಿಂಗಳು ಎನ್ನುವುದು ಸ್ಥೂಲ ಲೆಕ್ಕ. ಒಂದೂವರೆ ಇಟ್ಟಿಗೆಯ ಗೋಡೆಯಾದರೆ ವರ್ಷಕ್ಕೂ ಹೆಚ್ಚು. ಅಷ್ಟು ಕಾಲ ಇಟ್ಟಿಗೆ ತೆರೆದಿರಲಿ, ಕಿಟಕಿ ತೆರೆದಿರಲಿ. ನೋಡಲು ಚೆನ್ನಾಗಿರುವುದಿಲ್ಲ, ಬಂದವರೆಲ್ಲ ಕೇಳುತ್ತಾರೆ. ಅವಸರ ಮಾಡಿ ಹಸಿ ಗೋಡೆಗೆ ಗಾರೆ ಹಚ್ಚಿದರೆ ಹೊಸ ಗಾರೆಯೂ ಉಪ್ಪು ಹೀರುತ್ತದೆ. ಆರಿದ ಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ, ಅದರ ಮೇಲೆ ಸುಣ್ಣ. ಪ್ಲಾಸ್ಟಿಕ್ ಎಮಲ್ಷನ್ ಆಗಲಿ, ಬಿಳಿ ಸಿಮೆಂಟಿನ ಪುಟ್ಟಿಯಾಗಲಿ ಹತ್ತಿರ ಬರಬಾರದು.

ಕೋಟೆಬೀದಿಯವನು:

ಅನುಮತಿಯ ಬಗ್ಗೆ ಯಾರೂ ಬರೆದಿಲ್ಲ. ಮನೆ ಪಟ್ಟಿಯಲ್ಲಿರುವುದರಿಂದ ಕಿಟಕಿ ತೆಗೆಯುವ ಮೊದಲೇ ಯೋಜನಾ ಪ್ರಾಧಿಕಾರಕ್ಕೂ ಪಾಲಿಕೆಗೂ ನಕ್ಷೆ, ಫೋಟೊಗಳೊಂದಿಗೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಒಳಗಿನ ಕೆಲಸವೆಂದು ಬಿಟ್ಟುಬಿಡಬೇಡಿ. ಮನೆಯ ಯಾವ ಭಾಗಕ್ಕೆ ರಕ್ಷಣೆ ಎನ್ನುವುದು ಪಟ್ಟಿಯಲ್ಲಿ ಅದಕ್ಕೆ ಕೊಟ್ಟ ದರ್ಜೆಯ ಮೇಲೆ ಹೋಗುತ್ತದೆ.

ನಿಮ್ಮ ಬಡಾವಣೆಗೆ ಇನ್ನೊಂದು ವಿಷಯವೂ ಇದೆ. ಕೋಟೆ ಮತ್ತು ಟಿಪ್ಪು ಅರಮನೆ ಕೇಂದ್ರ ಸಂರಕ್ಷಿತ ಸ್ಮಾರಕಗಳು. 2010ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ ಇಂಥ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಗೆ ದುರಸ್ತಿ, ನವೀಕರಣ ಮಾಡಿಸಲು ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ನಮ್ಮ ಮನೆ ಆ ಗೆರೆಯೊಳಗೇ ಇದೆ. ನಿಮ್ಮದು ಎಷ್ಟು ದೂರದಲ್ಲಿದೆ ಎಂದು ಅಳೆಸಿಕೊಳ್ಳಿ.

ಪೇಟೆಮನೆ_ಸೊಸೆ:

ಅಳೆಸಿದೆವು, ಎರಡೂ ಗೆರೆಗಳ ಆಚೆ ಇದ್ದೇವೆ. ಪಟ್ಟಿಯ ವಿಷಯದಲ್ಲಿ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟಿದ್ದೇವೆ. ಕಾಯುವಾಗ ಅನುಮತಿ ಬೇಡದ ಕೆಲಸಗಳು ಶುರುವಾಗಿವೆ: ಕೊಳವೆ ತಿರುಗಿಸಿದೆವು, ಸಾಮಾನು ಕೋಣೆ ಖಾಲಿಯಾಯಿತು. ಮಾವನವರು ಅಲ್ಲಿಗೆ ಬಂದಿದ್ದಾರೆ, ಸದ್ಯಕ್ಕೆ ರಾತ್ರಿ ಹೊತ್ತು ಕಮೋಡ್ ಕುರ್ಚಿ. ನೆಲ ಅಗೆಯುವುದಿಲ್ಲ ಎಂದು ಕೇಳಿ ಅವರಿಗೆ ಆದ ಸಂತೋಷ ನನಗಿಂತ ಹೆಚ್ಚು.

ಕೊನೆಯದಾಗಿ ಎರಡು ಪ್ರಶ್ನೆಗಳು. ಆ ಕೋಣೆಯ ಕೆಂಪು ನೆಲದಲ್ಲಿ ಬಿರುಕುಗಳಿವೆ, ಆಸಿಡ್ ಹಾಕಿ ತೊಳೆದು ಪಾಲಿಷ್ ಮಾಡುತ್ತೇವೆ ಎನ್ನುತ್ತಾರೆ. ಮತ್ತು ಬಚ್ಚಲುಮನೆಯ ಬಾಗಿಲ ಪಕ್ಕ ಹಿಡಿಕೆ ಸರಳು ಬೇಕು. ಹಳೆಯ ಗೋಡೆಯಲ್ಲಿ ಅದು ನಿಲ್ಲುತ್ತದೆಯೇ?

ತೊಲೆಬಾಗಿಲು:

ಆಸಿಡ್ ಬೇಡ. ಅದು ಮೇಲಿನ ನಯವಾದ ಪದರವನ್ನೇ ತಿನ್ನುತ್ತದೆ, ಹೋದ ಹೊಳಪು ಮತ್ತೆ ಬರುವುದಿಲ್ಲ. ಮೃದು ಸೋಪಿನ ನೀರಲ್ಲಿ ಒರೆಸಿ. ಬಿರುಕಿಗೆ ತುಂಬುವ ಮಿಶ್ರಣದ ಬಣ್ಣವನ್ನು ಮೊದಲು ಮಂಚದ ಅಡಿಯಲ್ಲಿ, ಕಾಣದ ಕಡೆ ಹಚ್ಚಿ ಒಣಗಿಸಿ ನೋಡಿ. ಹಸಿಯಲ್ಲಿ ಕಾಣುವ ಕೆಂಪು ಬೇರೆ, ಒಣಗಿದಾಗಿನ ಕೆಂಪು ಬೇರೆ. ಕೂದಲೆಳೆಯಂಥ ಬಿರುಕುಗಳನ್ನು ಹಾಗೆಯೇ ಬಿಡಿ. ಮಾವನವರು ನಡೆಯುವ ದಾರಿಗೆ ಎಣ್ಣೆಯಾಗಲಿ ಮೇಣವಾಗಲಿ ಹಚ್ಚಬೇಡಿ.

ಸರಳನ್ನು ನೇರವಾಗಿ ಗಾರೆಗೆ ಬಿಗಿದರೆ ಮೈಭಾರ ಬಿದ್ದಾಗ ಕಿತ್ತು ಬರುತ್ತದೆ. ನಾಲ್ಕೈದು ಸಾಲು ಇಟ್ಟಿಗೆ ದಾಟುವಷ್ಟು ಉದ್ದದ ಗಟ್ಟಿ ಮರದ ಹಲಗೆಯನ್ನು ಮೊದಲು ಗೋಡೆಗೆ ಬಿಗಿಸಿ, ತೂತುಗಳು ಇಟ್ಟಿಗೆಯ ಮಧ್ಯಕ್ಕೆ ಬೀಳಲಿ, ಸಂದಿಗೆ ಬೇಡ. ಅಗಲಿಸಿ ಹಿಡಿಯುವ ಬೋಲ್ಟ್ ಹಳೆಯ ಇಟ್ಟಿಗೆಯನ್ನು ಸೀಳಬಹುದು, ರಾಸಾಯನಿಕ ಅಂಟಿನ ಬೋಲ್ಟ್ ಕೇಳಿ. ಸರಳನ್ನು ಆ ಹಲಗೆಗೆ ಕೂರಿಸಿ. ಮಾವನವರು ಹಿಡಿಯುವ ಮೊದಲು ಮನೆಯ ಇಬ್ಬರು ದೊಡ್ಡವರು ಪೂರ್ತಿ ಭಾರ ಹಾಕಿ ಜೋತುಬಿದ್ದು ನೋಡಲಿ. ಗೋಡೆಗೆ ಬಿಗಿಯುವುದು ಬೇಡವೆನಿಸಿದ ಜಾಗಗಳಲ್ಲಿ ನೆಲದಿಂದ ನಿಲ್ಲುವ ಕಂಬಿಯೇ ಒಳ್ಳೆಯದು, ಬಚ್ಚಲುಮನೆಯ ನೆಲ ಸಿಮೆಂಟಿನದಾಗಿದ್ದರೆ ಅದಕ್ಕೆ ಬಿಗಿಸಲು ಅಡ್ಡಿಯಿಲ್ಲ. ಪ್ರಾಧಿಕಾರದ ಉತ್ತರ ಬಂದ ಮೇಲೆ ಕಿಟಕಿಯ ಫೋಟೊ ಮತ್ತು ಮೇಲಿನ ಅಡ್ಡಕಲ್ಲಿನ ಅಳತೆ ಇಲ್ಲಿ ಹಾಕಿ, ಬಡಗಿ ಬರುವ ಮೊದಲು ಒಮ್ಮೆ ನೋಡಿ ಹೇಳುತ್ತೇನೆ.