ಕಿಮ್ ಬೀಜಿಂಗಿಗೆ ಬಂದು ಹೋದ ಮೇಲೆ ಸುದ್ದಿ ಹಾಕಿದ್ದು ಯಾಕೆ?

ರಾತ್ರಿಪಾಳಿ:
ಒಂದು ಡೌಟು. 2018ರ ಮಾರ್ಚಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ಬೀಜಿಂಗಿಗೆ ಹೋಗಿದ್ದು ನೆನಪಿದ್ಯಾ? ಹಳದಿ ಪಟ್ಟೆ ಇರೋ ಹಸಿರು ಟ್ರೈನು ಜಪಾನಿನ ಟಿವಿಲಿ ಬಂದು, ಒಳಗಿರೋದು ಯಾರಪ್ಪಾ ಅಂತ ಎಲ್ಲರೂ ತಲೆ ಕೆರ್ಕೊಳ್ತಿದ್ರೆ ಚೀನಾದ ಸರ್ಕಾರಿ ಸುದ್ದಿಸಂಸ್ಥೆ ಶಿನ್ಹುವಾ ಮಾತ್ರ ತುಟಿಪಿಟಕ್ ಅನ್ಲಿಲ್ಲ. 25ಕ್ಕೆ ಶುರುವಾದ ಭೇಟಿ, ಸುದ್ದಿ ಬಂದಿದ್ದು 28ಕ್ಕೆ, ಆತ ವಾಪಸ್ ಹೊರಟಾದ್ಮೇಲೆ! ಮನೆಗೆ ಬಂದ ಅತಿಥಿನ ಹಿಂಗೆ ಮುಚ್ಚಿಡೋದ್ಯಾಕೆ, ಬರೀ ಸೆಕ್ಯುರಿಟಿನಾ?

ಹಳೇ ರೇಡಿಯೊ:
ಸೆಕ್ಯುರಿಟಿನೂ ಇದೆ, ಅವರಪ್ಪ ಕಿಮ್ ಜಾಂಗ್ ಇಲ್ ಚೀನಾಗೆ ಹೋದಾಗ್ಲೂ ಇದೇ ಥರ ಹೋಗಿಬಂದ ಮೇಲೇ ಹೇಳ್ತಿದ್ರು. ಆದ್ರೆ ಅದೊಂದೇ ಕಾರಣ ಆಗಿದ್ರೆ ಆಮೇಲೂ ಹಂಗೇ ನಡೀಬೇಕಿತ್ತಲ್ಲ? ಅದೇ ವರ್ಷ ಮೇನಲ್ಲಿ ಚೀನಾದ ದಾಲಿಯನ್‌ಗೆ ಬಂದಾಗ್ಲೂ ಮುಗಿದ ಮೇಲೇ ಸುದ್ದಿ, ಜೂನ್ 19ಕ್ಕೆ ಮತ್ತೆ ಬೀಜಿಂಗಿಗೆ ಬಂದಾಗ ಅವತ್ತೇ ಹೇಳಿಬಿಟ್ರು, 2019ರ ಜನವರಿಲಂತೂ ಟ್ರೈನು ಇನ್ನೂ ದಾರಿಲಿರೋವಾಗ್ಲೇ. ಮಧ್ಯದಲ್ಲಿ ಆಗಿದ್ದು ಸಿಂಗಾಪುರದಲ್ಲಿ ಟ್ರಂಪ್-ಕಿಮ್ ಭೇಟಿ. ಟ್ರಂಪ್ ಕೈ ಕುಲುಕಿದ ಮೇಲೆ ಕಿಮ್ ಓಡಾಡೋದು ಕಾಣಿಸಿದ್ರೇ ಚೀನಾ, ಕಿಮ್ ಇಬ್ಬರಿಗೂ ಲಾಭ ಅನ್ನಿಸಿರ್ಬೇಕು, ಇದು ನನ್ನ ಊಹೆ. ಮಾರ್ಚಲ್ಲಿ ಅದು ಆತನ ಮೊದಲ ವಿದೇಶ ಭೇಟಿ, ಕೆಲಸ ಕೆಟ್ರೆ ಹೇಳಿದ್ದನ್ನ ನುಂಗೋಕಾಗಲ್ಲ ಅಲ್ವಾ.

ಪುಟ ಆರು:
ಯಾವಾಗ ಹಾಕಿದ್ರು ಅನ್ನೋದಕ್ಕಿಂತ ಏನು ಬಿಟ್ರು ನೋಡಿ, ಅಲ್ಲಿದೆ ಮಜಾ. ಅದೇ ಮಾರ್ಚ್ ಭೇಟಿದು ಎರಡೂ ಕಡೆ ವರದಿ ಅಕ್ಕಪಕ್ಕ ಇಟ್ಕೊಳ್ಳಿ. ಅಣ್ವಸ್ತ್ರ ಕೈಬಿಡೋದು ನಮ್ಮ ಅಜ್ಜ, ಅಪ್ಪನ ಆಸೆ ಅನ್ನೋ ಅರ್ಥದಲ್ಲಿ ಕಿಮ್ ಹೇಳಿದ್ರು ಅಂತ ಶಿನ್ಹುವಾ ಬರೀತು. ಉತ್ತರ ಕೊರಿಯಾದ ಸರ್ಕಾರಿ ಸುದ್ದಿಸಂಸ್ಥೆ ಕೆಸಿಎನ್ಎ ವರದಿಲಿ ಅಣ್ವಸ್ತ್ರ ಕೈಬಿಡೋ ಮಾತೇ ಇಲ್ಲ! ಇನ್ನೊಂದು, ಚೀನಾ ಟಿವಿಯವರ ವಿಡಿಯೋದಲ್ಲಿ ಚೀನಾ ಅಧ್ಯಕ್ಷ ಷಿ ಮಾತಾಡ್ತಿದ್ರೆ ಕಿಮ್ ಕೂತ್ಕೊಂಡು ನೋಟ್ಸ್ ಬರ್ಕೊಳ್ತಿದ್ದಾರೆ. ಉತ್ತರ ಕೊರಿಯಾ ರಾಜಧಾನಿ ಪ್ಯಾಂಗ್ಯಾಂಗ್‌ನಲ್ಲಿ ಈತ ಬಾಯಿ ತೆಗೆದ್ರೆ ಸುತ್ತ ನಿಂತಿರೋ ಜನರಲ್‌ಗಳೆಲ್ಲ ನೋಟ್‌ಬುಕ್ ತೆಗೀತಾರೆ. ಆ ಶಾಟು ಸುಮ್ನೆ ಉಳ್ಕೊಂಡಿದ್ದು ಅಂತೀರಾ?

ಸುಮ್ನೆ ಓದ್ತೀನಿ:
ಎಲ್ಲಾ ದೇಶದ ಮೀಡಿಯಾನೂ ಇದೇ ಗುರು, ಬಿಡಿ.

ಪುಟ ಆರು:
ಬಿಡಲ್ಲ 😄 ಬೇರೆ ಕಡೆ ಒಬ್ಬ ಮುಚ್ಚಿಟ್ರೆ ಪಕ್ಕದೋನು ಬರೀತಾನೆ, ಅಲ್ಲಿ ಪಕ್ಕದೋನೇ ಇಲ್ಲ. 2019ರ ಫೆಬ್ರವರಿ 28ಕ್ಕೆ ಹನೋಯ್‌ನಲ್ಲಿ ಟ್ರಂಪ್ ಜೊತೆ ಮಾತುಕತೆ ಒಪ್ಪಂದ ಇಲ್ದೆ ಮುರಿದುಬಿತ್ತು, ಮಾರನೇ ದಿನ ಪಾರ್ಟಿ ಪೇಪರ್ ರೊಡೊಂಗ್ ಸಿನ್ಮುನ್‌ನಲ್ಲಿ ಮಾತುಕತೆ ಮುಂದುವರಿಯುತ್ತೆ ಅಂತ ಸುದ್ದಿ, ಜೊತೆಗೆ ನಗ್ತಿರೋ ಫೋಟೋಗಳು, ಮುರಿದಿದ್ದು ಎಲ್ಲೂ ಇಲ್ಲ. ಒಪ್ಪಂದ ಆಗಿಲ್ಲ ಅನ್ನೋದು ಬಾಯಿಗೆ ಬಂದಿದ್ದು ಮಾರ್ಚ್ 8ಕ್ಕೆ, ಅದೂ ಜಪಾನನ್ನ ಬೈಯೋ ಒಂದು ಬರಹದ ಮಧ್ಯೆ.

ರಾತ್ರಿಪಾಳಿ:
ಅಂದ್ರೆ ಒಂದು ವಾರ ಅಲ್ಲಿನ ಜನಕ್ಕೆ ಹನೋಯ್ ಸಕ್ಸಸ್! ಆ ಎರಡು ವರದಿ ಪೂರ್ತಿ ಇದ್ರೆ ಹಾಕಿ ಪುಟ ಆರು ಅವ್ರೇ, ಇವತ್ತು ರಾತ್ರಿ ಕೂತು ಓದ್ತೀನಿ.